ಕೊಪ್ಪರಿಗೆ ಮುಂದೆ ನಿಲ್ಲುವ ಹುಡುಗಿಗೆ ಫೌಂಡೇಶನ್ ಕೋರ್ಸ್ ಬೇಕಾ?

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಕಬ್ಬು, ಅಣ್ಣನ ಜೊತೆ ಪಾಲಿನಲ್ಲಿ ಒಂದು ಆಲೆಮನೆ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿ, ಕನ್ನಡ ಮಾಧ್ಯಮ. ವಿಜ್ಞಾನ ಅಂದ್ರೆ ಆಸೆ, ಗಣಿತ ಸುಮಾರು. ಮೈಸೂರಿನ ಒಂದು ಕೋಚಿಂಗ್ ಸೆಂಟರಿನವರು ಶಾಲೆಗೆ ಬಂದು ಪರೀಕ್ಷೆ ಇಟ್ಟರು. ಆಮೇಲೆ ಫೋನ್ ಮಾಡಿ ‘ನಿಮ್ಮ ಮಗಳಿಗೆ ಶೇ 40 ಸ್ಕಾಲರ್‌ಶಿಪ್ ಬಂದಿದೆ’ ಅಂದರು. ಎರಡು ವರ್ಷದ ಫೌಂಡೇಶನ್ ಕೋರ್ಸ್, ಸ್ಕಾಲರ್‌ಶಿಪ್ ಕಳೆದ ಮೇಲೂ 55 ಸಾವಿರ. ಶನಿವಾರ ಮಧ್ಯಾಹ್ನ, ಭಾನುವಾರ ಪೂರ್ತಿ ಕ್ಲಾಸು. ಈಗ ಸೇರಿಸದಿದ್ದರೆ ಪಿಯುಸಿ ಸೈನ್ಸ್ ಕಷ್ಟ, ನೀಟ್ ಅಂತೂ ಮರೆತುಬಿಡಿ ಅಂತಾರೆ. ಶಾಲೆಯಲ್ಲಿ ವಿಜ್ಞಾನ ಸಂಘ ಅಂತ ಬೋರ್ಡ್ ಇದೆ, ಏನೂ ನಡೆಯೋಲ್ಲ. ಹೋದ ವರ್ಷ ಯಾವುದೋ ಒಲಿಂಪಿಯಾಡ್‌ಗೆ ದುಡ್ಡು ಕಟ್ಟಿದೆವು, ಕಟ್ಟಿದ ಅಷ್ಟೂ ಮಕ್ಕಳಿಗೆ ಮೆಡಲ್ ಬಂತು. ಸಾಲ ಮಾಡಿ ಸೇರಿಸಲಾ? ಅವಳಿಗೋ ಒಂದು ಕಡೆ ಕೂತು ಓದೋ ತಾಳ್ಮೆ ಇಲ್ಲ. ರಜೆ ಬಂದರೆ ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತು ‘ಸುಣ್ಣ ಯಾಕೆ ಹಾಕ್ತೀರ, ಇವತ್ತಿನ ಬೆಲ್ಲ ಯಾಕೆ ಕಪ್ಪು’ ಅಂತ ಕೆಲಸದವರ ತಲೆ ತಿನ್ನುತ್ತಾಳೆ.
— ಒಬ್ಬ ತಂದೆ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ನೀವು ದೂರಿನ ಹಾಗೆ ಬರೆದಿದ್ದೀರಿ. ನಾನು ಅದನ್ನೇ ಮೂರು ಸಲ ಓದಿದೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಆ 55 ಸಾವಿರದ ವಿಷಯ.

ಸಾಲ ಮಾಡಬೇಡಿ. ಕಾರಣ ಹೇಳುತ್ತೇನೆ.

ಪಿಯುಸಿ ಸೈನ್ಸ್‌ಗೆ ಸೇರಲು ಬೇಕಿರುವುದು ಎಸ್‌ಎಸ್‌ಎಲ್‌ಸಿ ಅಂಕ. ಫೌಂಡೇಶನ್ ಮಾಡಿದ್ದೀರಾ ಅಂತ ಯಾವ ಕಾಲೇಜೂ ಅರ್ಜಿಯಲ್ಲಿ ಕೇಳುವುದಿಲ್ಲ. ನೀಟ್ ಪರೀಕ್ಷೆಯ ಪಠ್ಯ ಪಿಯುಸಿ ಎರಡು ವರ್ಷದ್ದು. ಅದರ ಬುನಾದಿ 9 ಮತ್ತು 10ನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ನಮ್ಮ ರಾಜ್ಯದ ಆ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ, ಪಿಯುಸಿಯಲ್ಲಿ ಓದುವುದೂ ಎನ್‌ಸಿಇಆರ್‌ಟಿ ಪುಸ್ತಕವೇ. ಅಂದರೆ ಸಿಟಿಯ ಮಕ್ಕಳ ಕೈಗೆ ಮಾತ್ರ ಸಿಗುವ ಯಾವುದೋ ಗುಪ್ತ ಪುಸ್ತಕ ಅಂತ ಒಂದಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ನೀಟ್ ಮತ್ತು ಜೆಇಇ ಮೇನ್, ಎರಡರಲ್ಲೂ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ. ಇಲ್ಲೇ ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟು ಬೇಕಾದರೆ ಸಿಇಟಿ ಅಂಕದ ಜೊತೆ ದ್ವಿತೀಯ ಪಿಯುಸಿಯ ಅಂಕವನ್ನೂ ಅರ್ಧಕ್ಕರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಈ ಯಾವುದೂ 9ನೇ ತರಗತಿಯಲ್ಲಿ ತೀರ್ಮಾನ ಆಗುವುದಲ್ಲ.

ಹಾಗಂತ ಕೋಚಿಂಗ್‌ನವರು ಹೇಳುವುದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ‘ಪಿಯುಸಿಯಲ್ಲಿ ಕಷ್ಟ ಆಗುತ್ತೆ’ ಅನ್ನುವುದು ನಿಜ. ಮೈಸೂರಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು, ಆಮೇಲೆ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟವನು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಮಕ್ಕಳು ಮೊದಲ ಪಿಯುಸಿಯ ಮೊದಲ ಮೂರು ತಿಂಗಳು ಪಡುವ ಪಾಡು ಕಣ್ಣಾರೆ ಕಂಡಿದ್ದೇನೆ. ಆದರೆ ಅವರು ಎಡವುವುದು ವಿಜ್ಞಾನದಲ್ಲಿ ಅಲ್ಲ. ಒಂದು, ಇಂಗ್ಲಿಷ್ ಪದಗಳಲ್ಲಿ. ವೇಗೋತ್ಕರ್ಷ ಚೆನ್ನಾಗಿ ಗೊತ್ತಿರುವ ಹುಡುಗಿಗೆ ಲೆಕ್ಚರರ್ ‘ಆಕ್ಸಲರೇಷನ್’ ಅಂದಾಗ ಹೊಸ ಪಾಠ ಶುರುವಾಯಿತು ಅನಿಸುತ್ತದೆ. ವಕ್ರೀಭವನ ಗೊತ್ತು, ‘ರಿಫ್ರಾಕ್ಷನ್’ ಗೊತ್ತಿಲ್ಲ. ಎರಡು, ಗಣಿತದಲ್ಲಿ. ಬೀಜಗಣಿತದಲ್ಲಿ ಒಂದು ಪದವನ್ನು ಆ ಕಡೆಯಿಂದ ಈ ಕಡೆಗೆ ತರುವುದು, ತ್ರಿಕೋನಮಿತಿ, ನಕ್ಷೆ ನೋಡಿ ಅರ್ಥ ಮಾಡಿಕೊಳ್ಳುವುದು. ಇಷ್ಟು ಕೈಗೆ ಹತ್ತಿದ್ದರೆ ಭೌತಶಾಸ್ತ್ರದ ಅರ್ಧ ಭಯ ಹೋಗುತ್ತದೆ.

ಈ ಎರಡಕ್ಕೂ 55 ಸಾವಿರ ಬೇಡ. ಒಂದು 200 ಪುಟದ ನೋಟ್‌ಬುಕ್ ತಂದುಕೊಡಿ. ಪ್ರತಿ ಪಾಠ ಮುಗಿದಾಗ ಕನ್ನಡದ ಪದ ಒಂದು ಕಡೆ, ಇಂಗ್ಲಿಷ್ ಪದ ಇನ್ನೊಂದು ಕಡೆ ಬರೆಯಲಿ. ಎರಡು ವರ್ಷದಲ್ಲಿ ಅದು ಅವಳದೇ ನಿಘಂಟು ಆಗುತ್ತದೆ. ಗಣಿತ ಸುಮಾರು ಅಂತ ನೀವೇ ಬರೆದಿದ್ದೀರಿ, ಖರ್ಚು ಮಾಡುವುದಿದ್ದರೆ ಅಲ್ಲಿ ಮಾಡಿ. ಊರಲ್ಲೇ ಯಾರಾದರೂ ಬಿ.ಎಸ್ಸಿ ಓದುತ್ತಿರುವ ಹುಡುಗಿ ಸಿಕ್ಕರೆ ವಾರಕ್ಕೆ ಎರಡು ಸಂಜೆ ಸಾಕು. ಪಾಠ ಅರ್ಥ ಆಗದಿದ್ದರೆ ಖಾನ್ ಅಕಾಡೆಮಿಯ ವಿಡಿಯೊಗಳು ಕನ್ನಡದಲ್ಲೂ ಇವೆ, ದೀಕ್ಷಾ ಆ್ಯಪ್ ಇದೆ. ಎರಡೂ ಉಚಿತ.

ಫೌಂಡೇಶನ್ ಕೋರ್ಸ್ ಯಾರಿಗೂ ಬೇಡವೇ? ಕೆಲವರಿಗೆ ಉಪಯೋಗ ಆಗುತ್ತದೆ. ಮನೆ ಮೈಸೂರಿನಲ್ಲೇ ಇದ್ದು, ಫೀಸು ಭಾರ ಆಗದೆ, ಮಗುವಿಗೆ ಲೆಕ್ಕ ಬಿಡಿಸುವುದೇ ಆಟ ಆಗಿದ್ದರೆ ಒಳ್ಳೆಯ ಮೇಷ್ಟ್ರು, ಪೈಪೋಟಿಯ ಗೆಳೆಯರು ಸಿಗಬಹುದು. ನಿಮ್ಮ ಲೆಕ್ಕ ಬೇರೆ. ನಿಮ್ಮ ಹಳ್ಳಿಯಿಂದ ಬಸ್ಸು, ಆಮೇಲೆ ರೈಲು. ಪಾಂಡವಪುರದ ಸ್ಟೇಷನ್ನೇ ಪೇಟೆಯಿಂದ ದೂರ ಇದೆ. ಹದಿನಾಲ್ಕು ವರ್ಷದ ಹುಡುಗಿ ಜೊತೆ ಒಬ್ಬರು ಹೋಗಬೇಕು. ಎರಡು ವರ್ಷ ಅಂದರೆ ಸುಮಾರು ನೂರು ಭಾನುವಾರ. ಕಟ್ಟುವ ಫೀಸಿಗಿಂತ ಆ ನೂರು ಭಾನುವಾರ ಹೋಗುವುದೇ ದೊಡ್ಡ ನಷ್ಟ ಅಂತ ನನಗೆ ಅನಿಸುತ್ತದೆ. ಇನ್ನು ಆ ‘ಸ್ಕಾಲರ್‌ಶಿಪ್’. ಬೆಲೆ ಇಟ್ಟವರೇ ರಿಯಾಯಿತಿ ಕೊಟ್ಟರೆ ಅದು ರಿಯಾಯಿತಿ, ಸ್ಕಾಲರ್‌ಶಿಪ್ ಅಲ್ಲ. ಸೀರೆ ಅಂಗಡಿಯಲ್ಲೂ ಆಷಾಢಕ್ಕೆ ಶೇ 40 ಇರುತ್ತದೆ ಅಲ್ವಾ?

ಒಲಿಂಪಿಯಾಡ್ ಬಗ್ಗೆ ಒಂದು ಮಾತು. ಈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಕಟ್ಟಿದವರಿಗೆಲ್ಲ ಮೆಡಲ್ ಬಂದರೆ ಅದು ಏನು ಅಂತ ನಿಮಗೇ ಗೊತ್ತಾಗಿದೆ. ವಿಜ್ಞಾನದಲ್ಲಿ ದೇಶದ ತಂಡವನ್ನು ಆರಿಸುವ ನಿಜವಾದ ದಾರಿ ಒಂದೇ, ಅದನ್ನು ನೋಡಿಕೊಳ್ಳುವುದು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಅದರ ಮೊದಲ ಮೆಟ್ಟಿಲನ್ನು ಭೌತಶಾಸ್ತ್ರ ಶಿಕ್ಷಕರ ಸಂಘ ನಡೆಸುತ್ತದೆ. 10ನೇ ತರಗತಿಯೊಳಗಿನ ಮಕ್ಕಳಿಗೆ ಜೂನಿಯರ್ ಸೈನ್ಸ್ ಪರೀಕ್ಷೆ ನವೆಂಬರ್‌ನಲ್ಲಿ ಇರುತ್ತದೆ. ಫೀಸು ಕಡಿಮೆ, ಪ್ರಶ್ನೆ ಬಹಳ ಕಷ್ಟ. ಶಾಲೆಯಲ್ಲಿ ಮೊದಲ ರ‍್ಯಾಂಕ್ ಬರುವ ಮಗುವೂ ಅದರ ಮುಂದೆ ಕೂತು ಬೆವರುತ್ತದೆ. ಹಳೆಯ ಪ್ರಶ್ನೆಪತ್ರಿಕೆ ನೋಡಿ ‘ಮಜಾ ಇದೆ’ ಅಂದರೆ ಬರೆಸಿ, ಇಲ್ಲದಿದ್ದರೆ ಬಿಟ್ಟುಬಿಡಿ. ಎನ್‌ಟಿಎಸ್‌ಇ, ಅಂದರೆ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ ಬಗ್ಗೆ ಯಾರಾದರೂ ಪುಸ್ತಕ ಮಾರಲು ಬಂದರೆ, ಆ ಪರೀಕ್ಷೆ 2021ರಿಂದ ನಿಂತಿದೆ ಅಂತ ಹೇಳಿ ಕಳಿಸಿ. ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ, ಪಾಸಾದರೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ವರ್ಷಕ್ಕೆ 12 ಸಾವಿರ ರೂಪಾಯಿ, 9ರಿಂದ 12ನೇ ತರಗತಿವರೆಗೆ ಬರುತ್ತದೆ. ಇದೇ ನಿಜವಾದ ಸ್ಕಾಲರ್‌ಶಿಪ್. ಆದರೆ ಅದನ್ನು 8ನೇ ತರಗತಿಯಲ್ಲೇ ಬರೆಯಬೇಕು. ನಿಮ್ಮ ಮಗಳಿಗೆ ಕೈ ತಪ್ಪಿತು. ಅಣ್ಣನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಹೇಳಿ.

ಈಗ ಕೊಪ್ಪರಿಗೆಗೆ ಬರೋಣ.

‘ಸುಣ್ಣ ಯಾಕೆ ಹಾಕ್ತೀರ?’ ಇದಕ್ಕೆ ನಿಮ್ಮ ಆಲೆಮನೆಯಲ್ಲಿ ಯಾರು ಏನು ಉತ್ತರ ಕೊಟ್ಟರೋ ಗೊತ್ತಿಲ್ಲ. ನಾನು ಕೊಡುತ್ತೇನೆ. ಕಬ್ಬಿನ ಹಾಲು ಸ್ವಲ್ಪ ಹುಳಿ. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ ಅದ್ದಿದರೆ ಐದು, ಐದೂವರೆ ಆಸುಪಾಸು ತೋರಿಸುತ್ತದೆ. ಹುಳಿ ಇರುವಾಗಲೇ ಗಂಟೆಗಟ್ಟಲೆ ಕುದಿಸಿದರೆ ಅದರಲ್ಲಿರುವ ಸಕ್ಕರೆ, ಅಂದರೆ ಸುಕ್ರೋಸ್, ಒಡೆದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಹರಳು ಕಟ್ಟಲು ಬಿಡುವುದಿಲ್ಲ, ಮೇಲಾಗಿ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಆಗ ಬೆಲ್ಲ ಅಚ್ಚಿನಲ್ಲಿ ಗಟ್ಟಿ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ನೀರು ಬಿಡುತ್ತದೆ. ಸುಣ್ಣ ಆ ಹುಳಿಯನ್ನು ತಗ್ಗಿಸುತ್ತದೆ. ಆದರೆ ಕೈ ಮೀರಿ ಹಾಕಿದರೆ ಬೆಲ್ಲ ಕಪ್ಪಾಗುತ್ತದೆ, ಯಾಕೆಂದರೆ ಆ ಒಡೆದ ಸಕ್ಕರೆ ಕ್ಷಾರದಲ್ಲಿ ಬಣ್ಣ ಕೆಡುತ್ತದೆ. ‘ಇವತ್ತಿನ ಬೆಲ್ಲ ಯಾಕೆ ಕಪ್ಪು’ ಅನ್ನುವ ಅವಳ ಎರಡನೇ ಪ್ರಶ್ನೆಗೆ ಇದು ಒಂದು ಉತ್ತರ. ಕಬ್ಬು ಕಡಿದು ಮೂರು ದಿನ ಬಿದ್ದಿದ್ದರೆ ಹಾಲಿನಲ್ಲಿ ಮೊದಲೇ ಸಕ್ಕರೆ ಒಡೆದಿರುತ್ತದೆ, ಅದು ಇನ್ನೊಂದು. ತಳಿ, ಮಣ್ಣು, ನೀರು ಬೇರೆ ಬೇರೆ ಇರುವುದು ಮತ್ತೊಂದು. ಬೆಂಡೆಯ ಲೋಳೆ ಹಾಕಿದಾಗ ಕೊಳೆಯನ್ನೆಲ್ಲ ಹಿಡಿದು ನೊರೆಯಾಗಿ ಮೇಲೆ ತರುತ್ತದಲ್ಲ, ಅದು ಬೇರೆಯೇ ಒಂದು ಕಥೆ.

ಅವಳ 10ನೇ ತರಗತಿಯ ಪುಸ್ತಕದ ಎರಡನೇ ಪಾಠ ಏನು ಗೊತ್ತಾ? ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು. ಫೌಂಡೇಶನ್‌ನವರು ಒಂದು ವರ್ಷ ಮೊದಲೇ ಕಲಿಸುತ್ತೇವೆ ಅಂತ ದುಡ್ಡು ಕೇಳುತ್ತಿರುವ ಪಾಠ ಇದು. ನಿಮ್ಮ ಮಗಳು ಅದರ ಬಾಗಿಲಲ್ಲಿ ತಾನಾಗಿಯೇ ಬಂದು ನಿಂತಿದ್ದಾಳೆ.

ಹೀಗೆ ಮಾಡಿಸಿ. ಪಿಎಚ್ ಕಾಗದದ ಪುಟ್ಟ ಪುಸ್ತಕ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ಅಲ್ಲ. ಸಿಗದಿದ್ದರೆ ಕೆಂಪು ದಾಸವಾಳದ ಹೂವನ್ನು ಬಿಸಿನೀರಲ್ಲಿ ನೆನೆಸಿದ ರಸವೂ ಹುಳಿಗೆ ಒಂದು ಬಣ್ಣ, ಸುಣ್ಣಕ್ಕೆ ಇನ್ನೊಂದು ಬಣ್ಣ ತೋರಿಸುತ್ತದೆ. ಒಂದು ಪುಸ್ತಕ ಇಟ್ಟುಕೊಳ್ಳಲಿ. ಪ್ರತಿ ಕೊಪ್ಪರಿಗೆಗೆ ಒಂದು ಸಾಲು: ಕಬ್ಬು ಯಾವ ತಳಿ, ಕಡಿದು ಎಷ್ಟು ದಿನ, ಹಾಲಿನ ಪಿಎಚ್ ಎಷ್ಟು, ಸುಣ್ಣ ಎಷ್ಟು ಗ್ರಾಂ, ಬೆಲ್ಲದ ಬಣ್ಣ ಹೇಗಿತ್ತು, ತಿಂಗಳು ಬಿಟ್ಟು ನೋಡಿದರೆ ಹೇಗಿದೆ. ನಿಮ್ಮ ಕೆಲಸದವರು ಸುಣ್ಣವನ್ನು ಗ್ರಾಂ ಲೆಕ್ಕದಲ್ಲಿ ಹಾಕುವುದಿಲ್ಲ, ಕೈ ಅಂದಾಜಿನಲ್ಲಿ ಹಾಕುತ್ತಾರೆ. ಆ ಕೈ ಅಂದಾಜನ್ನು ತಕ್ಕಡಿಗೆ ತರುವುದೇ ಅವಳ ಮೊದಲ ಕೆಲಸ. ಅದಕ್ಕೆ ಅವರ ಸ್ನೇಹ ಬೇಕು. ತಲೆ ತಿನ್ನುತ್ತಾಳೆ ಅಂತ ಅವರ ಎದುರಿಗೆ ಬೈಯಬೇಡಿ.

ಅಪಾಯವನ್ನೂ ಹೇಳಬೇಕು. ಕುದಿಯುವ ಕೊಪ್ಪರಿಗೆ ಹತ್ತಿರ ಮಗು ಬಗ್ಗಬಾರದು, ಉದ್ದ ಲಂಗ ದಾವಣಿಯಲ್ಲಂತೂ ಬೇಡವೇ ಬೇಡ. ಕೆಲಸದವರು ಸೌಟಿನಲ್ಲಿ ತೆಗೆದು ಸ್ಟೀಲ್ ಲೋಟಕ್ಕೆ ಹಾಕಿಕೊಡಲಿ, ಆರಿದ ಮೇಲೆ ಇವಳು ಅಳೆಯಲಿ. ಕೆಲವು ಕಡೆ ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಹಾಕುತ್ತಾರೆ. ನಿಮ್ಮಲ್ಲಿ ಹಾಕುತ್ತೀರೋ ಇಲ್ಲವೋ ನಾನು ಕೇಳುವುದಿಲ್ಲ. ಅವಳಂತೂ ಕೇಳಿಯೇ ಕೇಳುತ್ತಾಳೆ, ಉತ್ತರ ರೆಡಿ ಇಟ್ಟುಕೊಳ್ಳಿ. ಆ ಪುಡಿಯನ್ನು ಮಾತ್ರ ಅವಳು ಮುಟ್ಟುವುದು ಬೇಡ.

ಇದನ್ನು ಎಲ್ಲಿಗೆ ತೆಗೆದುಕೊಂಡು ಹೋಗುವುದು? ಅದಕ್ಕೇ ಒಂದು ವೇದಿಕೆ ಇದೆ, ಮಕ್ಕಳ ವಿಜ್ಞಾನ ಸಮಾವೇಶ. 1993ರಿಂದ ದೇಶದಲ್ಲಿ ನಡೆದುಬಂದಿದೆ, ನಮ್ಮ ರಾಜ್ಯದಲ್ಲಿ ಅದನ್ನು ನಡೆಸಿಕೊಂಡು ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ನಾವೆಲ್ಲ ಕರಾವಿಪ ಅನ್ನುತ್ತೇವೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆ ಹಿಡಿದು, ಅಳೆದು, ಬರೆದು ತರಬೇಕು. ಕನ್ನಡದಲ್ಲೇ ಹೇಳಬಹುದು. ಒಬ್ಬ ಮಾರ್ಗದರ್ಶಿ ಶಿಕ್ಷಕರು ಬೇಕು. ಮಾದರಿ ಮಾಡಿ ಬಣ್ಣ ಬಳಿಯುವುದಲ್ಲ ಇದು, ಅದಕ್ಕೇ ನನಗೆ ಇಷ್ಟ. ಇದೇ ಕರಾವಿಪ ಹೊರತರುವ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಶಾಲೆಗೆ ತರಿಸಲು ಹೇಳಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗನ ವರದಿಯನ್ನು ನಾನೇ ರಾತ್ರಿ ಕೂತು ‘ಸ್ವಲ್ಪ ಸರಿ ಮಾಡಿದೆ’. ಸರಿ ಮಾಡಿದ್ದು ಎಷ್ಟಾಯಿತು ಅಂದರೆ ಅವನದು ಅಂತ ಉಳಿದದ್ದು ಹೆಸರು ಮಾತ್ರ. ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರು ‘ಈ ಗೆರೆ ಇಲ್ಲಿ ಯಾಕೆ ಕೆಳಗೆ ಬಂದಿದೆ ಮರಿ?’ ಅಂತ ಪ್ರೀತಿಯಿಂದಲೇ ಕೇಳಿದರು. ಹುಡುಗ ನನ್ನ ಮುಖ ನೋಡಿದ. ಆ ನೋಟ ಇನ್ನೂ ಮರೆತಿಲ್ಲ. ನೀವೂ, ಮೇಷ್ಟ್ರೂ ಆ ಪುಸ್ತಕಕ್ಕೆ ಪೆನ್ನು ಹಚ್ಚಬೇಡಿ. ತಪ್ಪು ಇರಲಿ, ಅವಳದೇ ಇರಲಿ. ಬಹುಮಾನ ಬಾರದೆಯೂ ಇರಬಹುದು, ಅದನ್ನೂ ಮೊದಲೇ ಹೇಳಿರಿ.

ಇನ್ನು ಶಾಲೆಯ ವಿಜ್ಞಾನ ಸಂಘ. ಬೋರ್ಡ್ ಇದೆ, ಏನೂ ನಡೆಯೋಲ್ಲ ಅಂದಿರಿ. ಮೇಷ್ಟ್ರನ್ನು ಬೈಯುವ ಮುಂಚೆ ಅವರ ದಿನವನ್ನು ನೋಡಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರಿಗೆ ಗಣಿತವೂ ಅವರದೇ, ಭೌತಶಾಸ್ತ್ರವೂ ಅವರದೇ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬುವ ಮಾಹಿತಿ, ಇದರ ಮೇಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ. ಸಂಘ ಅಂದರೆ ಅವರಿಗೆ ಉದ್ಘಾಟನೆ, ಹಾರ, ಫೋಟೊ, ವರದಿ. ಯಾರಿಗೆ ಬೇಕು? ಆದ್ದರಿಂದ ‘ಸಂಘ ಶುರು ಮಾಡಿ’ ಅಂತ ಕೇಳಬೇಡಿ. ‘ಸಾರ್, ಶನಿವಾರ ಶಾಲೆ ಬಿಟ್ಟ ಮೇಲೆ ಐದು ಮಕ್ಕಳಿಗೆ ಮುಕ್ಕಾಲು ಗಂಟೆ ಲ್ಯಾಬ್ ಬೀಗ ತೆಗೆದುಕೊಡ್ತೀರಾ, ಒಬ್ಬರು ಪೋಷಕರು ಜೊತೆಗಿರ್ತೀವಿ’ ಅಂತ ಕೇಳಿ. ನನ್ನ ಅನುಭವದಲ್ಲಿ ಇದಕ್ಕೆ ಇಲ್ಲ ಅಂದವರು ಕಡಿಮೆ. ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಎದ್ದು ಹೇಳಿದರೆ ಇನ್ನೂ ಒಳ್ಳೆಯದು.

ಅದೇ ಮೇಷ್ಟ್ರನ್ನು ಇನ್ನೊಂದು ಕೇಳಿ: ಇನ್‌ಸ್ಪೈರ್ ಮಾನಕ್‌ಗೆ ಶಾಲೆಯಿಂದ ಹೆಸರು ಹೋಗಿದೆಯಾ? ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆ ಇದು. ಶಾಲೆ ಮಕ್ಕಳ ಐಡಿಯಾಗಳನ್ನು ಆನ್‌ಲೈನ್‌ನಲ್ಲಿ ಕಳಿಸಬೇಕು, ಆಯ್ಕೆಯಾದ ಮಗುವಿನ ಖಾತೆಗೆ 10 ಸಾವಿರ ರೂಪಾಯಿ ಬರುತ್ತದೆ, ಅದರಲ್ಲಿ ಮಾದರಿ ಮಾಡಬೇಕು. ಮಗು ತಾನೇ ಅರ್ಜಿ ಹಾಕಲು ಬರುವುದಿಲ್ಲ, ಶಾಲೆಯೇ ಹಾಕಬೇಕು. ಅಲ್ಲೇ ಎಷ್ಟೋ ಮಕ್ಕಳು ಉಳಿದುಬಿಡುತ್ತಾರೆ. ಯೂಟ್ಯೂಬ್ ನೋಡಿ ನಕಲು ಮಾಡಿದ ಐಡಿಯಾ ಕಳಿಸಬೇಡಿ, ಅಂಥವು ಸಾವಿರ ಬರುತ್ತವೆ. ಕೊಪ್ಪರಿಗೆ ಮುಂದೆ ನಿಂತವಳಿಗೆ ಆಲೆಮನೆಯ ಕೆಲಸ ಹಗುರ ಮಾಡುವ ಒಂದು ಉಪಾಯ ಹೊಳೆಯದೆ ಇರುತ್ತದಾ?

9ನೇ ತರಗತಿಯಲ್ಲಿ ಮಾತ್ರ ಸಿಗುವ ಒಂದು ಅವಕಾಶ ಇದೆ, ಇಸ್ರೋದ ಯುವಿಕಾ. 2019ರಲ್ಲಿ ಶುರುವಾದದ್ದು. ಬೇಸಿಗೆಯಲ್ಲಿ ಎರಡು ವಾರ ಇಸ್ರೋ ಕೇಂದ್ರದಲ್ಲೇ ಇರಿಸಿಕೊಂಡು ಕಲಿಸುತ್ತಾರೆ. ಪ್ರಯಾಣ, ಊಟ, ವಸತಿ ಎಲ್ಲ ಅವರದೇ. ಆಯ್ಕೆಯಲ್ಲಿ 8ನೇ ತರಗತಿಯ ಅಂಕಕ್ಕೆ ದೊಡ್ಡ ಪಾಲು, ಹಳ್ಳಿ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುತ್ತಿದ್ದರೆ ಹೆಚ್ಚಿನ ಅಂಕ ಕೊಡುತ್ತಾರೆ. ಊರು ಚಿಕ್ಕದಾಗಿರುವುದೇ ಇಲ್ಲಿ ಲಾಭ. ಸೀಟು ಬಹಳ ಕಡಿಮೆ, ಸಿಗದಿದ್ದರೆ ಬೇಜಾರಿಲ್ಲ.

ಮೈಸೂರಿಗೆ ಪ್ರತಿ ವಾರ ಬೇಡ ಅಂದೆ. ವರ್ಷಕ್ಕೆ ನಾಲ್ಕು ಸಲ ಬನ್ನಿ. ಕಾರಂಜಿ ಕೆರೆಯ ಪಕ್ಕದಲ್ಲಿ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯ ಇದೆ, ಸೋಮವಾರ ರಜೆ. ಮೃಗಾಲಯದವರು ಶಾಲಾ ಮಕ್ಕಳಿಗೆ ಯೂತ್ ಕ್ಲಬ್, ಬೇಸಿಗೆ ಶಿಬಿರ ನಡೆಸುತ್ತಾರೆ, ಮಂಗಳವಾರ ರಜೆ. ನಿಮ್ಮ ಮಗಳಿಗೆ ಎಲ್ಲಕ್ಕಿಂತ ಮುಖ್ಯ ಸಿಎಫ್‌ಟಿಆರ್‌ಐ. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆಹಾರದ ಮೇಲೆ ಸಂಶೋಧನೆ ಮಾಡುತ್ತಿರುವ ಸಂಸ್ಥೆ. ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನಗಳಿರುತ್ತವೆ, ಸಾಮಾನ್ಯವಾಗಿ ಅದರ ಮಾತೃಸಂಸ್ಥೆ ಸಿಎಸ್‌ಐಆರ್‌ನ ದಿನವಾದ ಸೆಪ್ಟೆಂಬರ್ 26ರ ಸುಮಾರಿಗೆ. ಪೇಪರ್ ನೋಡುತ್ತಿರಿ. ಅವತ್ತು ಅವಳು ಆ ಪುಸ್ತಕ ಹಿಡಿದು ಹೋಗಲಿ, ಬರಿಗೈಯಲ್ಲಿ ಹೋದರೆ ಎಲ್ಲ ಮಕ್ಕಳ ಹಾಗೆ ಸಾಲಿನಲ್ಲಿ ನಡೆದು ಬರುತ್ತಾಳೆ. ಕೈಯಲ್ಲಿ ಇಪ್ಪತ್ತು ಕೊಪ್ಪರಿಗೆಯ ಲೆಕ್ಕ ಇದ್ದರೆ ವಿಜ್ಞಾನಿಗಳು ಕೂರಿಸಿಕೊಂಡು ಮಾತಾಡುತ್ತಾರೆ. ಇದನ್ನು ನಾನು ನೋಡಿದ್ದೇನೆ. ಇತ್ತ ಮಂಡ್ಯದ ಪಕ್ಕದ ವಿ.ಸಿ. ಫಾರಂನಲ್ಲಿ ಕಬ್ಬಿನ ಬಗ್ಗೆಯೇ ಸಂಶೋಧನೆ ಮಾಡುವವರಿದ್ದಾರೆ, ನೀವು ತಳಿ ಕೇಳಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ದೂರದ ಪ್ರಯಾಣ ಒಂದೇ ಸಾಕು: ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೆಂಗಳೂರಿನ ಐಐಎಸ್ಸಿ ಒಂದು ಶನಿವಾರ ಓಪನ್ ಡೇ ಇಡುತ್ತದೆ. ಉಚಿತ. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಮನೆಗೆ ಬರಬಹುದು.

ಹಕ್ಕಿಗಳಲ್ಲಿ ಆಸಕ್ತಿ ಇದ್ದಿದ್ದರೆ ರಂಗನತಿಟ್ಟಿನ ಬಗ್ಗೆ ಎರಡು ಪುಟ ಬರೆಯುತ್ತಿದ್ದೆ. ನಿಮ್ಮ ಮನೆಯಿಂದ ಅದು ಹತ್ತಿರ. ಆದರೆ ಅವಳು ನಿಂತಿರುವುದು ಕೊಪ್ಪರಿಗೆ ಮುಂದೆ, ಹಾಗಾಗಿ ಬಿಡುತ್ತೇನೆ.

‘ಒಂದು ಕಡೆ ಕೂತು ಓದೋ ತಾಳ್ಮೆ ಇಲ್ಲ’ ಅಂದಿರಿ. ಕೊಪ್ಪರಿಗೆ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾಳೆ ಅಂತ ಒಂದು ದಿನ ಗಡಿಯಾರ ನೋಡಿ. ಆದರೂ ಪರೀಕ್ಷೆಗೆ ಕೂತು ಓದಲೇಬೇಕು, ಅದಕ್ಕೆ ನನ್ನ ಹತ್ತಿರ ಅಡ್ಡದಾರಿ ಇಲ್ಲ. ದಿನಕ್ಕೆ ಒಂದು ಗಂಟೆ ಗಣಿತ ಮೊದಲು, ಬೆಲ್ಲದ ಲೆಕ್ಕ ಆಮೇಲೆ ಅಂತ ಮಾತಾಡಿಕೊಳ್ಳಿ. 10ನೇ ತರಗತಿಯ ಜನವರಿ ಬಂದ ಮೇಲೆ ಆಲೆಮನೆಯ ಪುಸ್ತಕ ಮುಚ್ಚಿಡಲಿ. ಪಿಯುಸಿಗೆ ಸೇರಿದ ಮೇಲೆ ನೀಟ್ ಬರೆಯುತ್ತೇನೆ ಅಂತ ಅವಳೇ ಹೇಳಿದರೆ ಆಗ ಕೋಚಿಂಗ್ ಯೋಚನೆ ಮಾಡೋಣ, ಆಗಲೂ ಸಾಲ ಮಾಡುವ ಮುಂಚೆ ನನಗೊಂದು ಪತ್ರ ಬರೆಯಿರಿ.

ಇನ್ನೊಂದು. ಪಾಕದ ಹದ ಅಳೆಯುತ್ತೇನೆ ಅಂತ ಅವಳು ಶಾಲೆಯ ಥರ್ಮಾಮೀಟರ್ ಕೇಳಬಹುದು. ಕೊಡಬೇಡಿ. ಶಾಲೆಯದು ಸಾಮಾನ್ಯವಾಗಿ 110 ಡಿಗ್ರಿವರೆಗೆ ಮಾತ್ರ ಇರುತ್ತದೆ, ಬೆಲ್ಲ ಹದಕ್ಕೆ ಬರುವಾಗ ಪಾಕ 118ರ ಹತ್ತಿರ ಇರುತ್ತದೆ. ಗಾಜು ಒಡೆದರೆ ಇಡೀ ಕೊಪ್ಪರಿಗೆ ಚೆಲ್ಲಬೇಕಾಗುತ್ತದೆ. ಅಡುಗೆಗೆ ಬಳಸುವ ಸ್ಟೀಲ್ ಕಡ್ಡಿಯದು ಸಿಗುತ್ತದೆ, 200 ಡಿಗ್ರಿವರೆಗೆ ಇರುವುದನ್ನೇ ಕೇಳಿ ತನ್ನಿ. ಅದನ್ನು ಪಾಕಕ್ಕೆ ಅದ್ದುವುದು ದೊಡ್ಡವರು, ಓದಿ ಬರೆದುಕೊಳ್ಳುವುದು ಅವಳು.